ನಾಲಿಗೆ ಹಿಡಿಯದ ಕಲ್ಲು

ಕಲ್ಲಿನಲ್ಲೂ ಹಸಿ, ಒಣ ಎಂದು ಇದೆ ಅಂದರೆ ನಗುವವರೇ ಹೆಚ್ಚು. ಕಟ್ಟಿಗೆಗೆ ಇರಬಹುದು, ಹುಲ್ಲಿಗೆ ಇರಬಹುದು, ಕಲ್ಲಿಗೆ ಎಲ್ಲಿಂದ ಬಂತು ಎನ್ನುತ್ತಾರೆ. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಅಲ್ಲಲ್ಲಿ ಕೆಂಪು ದಿನ್ನೆಗಳಿವೆ. ಅಲ್ಲಿ ಕಲ್ಲು ಕಡಿದು ಬದುಕಿದವರಿಗೆ ಮಾತ್ರ ಇದು ಗೊತ್ತು. ಆ ಕೆಂಪು ಕಲ್ಲು ನೆಲದೊಳಗೆ ಇರುವಾಗ ಮೆತ್ತಗಿರುತ್ತದೆ. ಮೈತುಂಬ ಜೇನುಹುಟ್ಟಿನಂತೆ ತೂತು, ಆ ತೂತುಗಳ ತುಂಬ ನೀರಿನ ಪಸೆ. ಗುದ್ದಲಿಯಿಂದ ಸುತ್ತ ಗೆರೆ ತೋಡಿ, ಬುಡಕ್ಕೆ ಹಾರೆ ಕೊಟ್ಟು ಮೀಟಿದರೆ ಹಲಗೆಯಂತೆ ಏಳುತ್ತದೆ. ಮೇಲೆ ತಂದು ಬಿಸಿಲಿಗೆ ಒಟ್ಟಿದರೆ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಿಗಿಯುತ್ತದೆ. ಆಮೇಲೆ ಅದೇ ಗುದ್ದಲಿ ಹೊಡೆದರೆ ಗುದ್ದಲಿಯೇ ಹಿಂದಕ್ಕೆ ಪುಟಿಯುತ್ತದೆ.

ಕಲ್ಲು ಒಣಗಿತೋ ಇಲ್ಲವೋ ಎಂದು ನೋಡಲು ನಮ್ಮಪ್ಪ ಒಂದೇ ಪರೀಕ್ಷೆ ಇಟ್ಟುಕೊಂಡಿದ್ದ. ಕಲ್ಲಿನ ಮೂಲೆಯ ಧೂಳನ್ನು ಅಂಗೈಯಿಂದ ಒರೆಸಿ ನಾಲಿಗೆ ಹಚ್ಚುತ್ತಿದ್ದ. ಒಣಗಿದ ಕಲ್ಲು ನಾಲಿಗೆಯ ಪಸೆ ಹೀರಿಕೊಂಡು ಗಪ್ಪನೆ ಹಿಡಿಯುತ್ತದೆ. ಬಿಡಿಸಿಕೊಳ್ಳುವಾಗ ಸ್ವಲ್ಪ ಉರಿಯುತ್ತದೆ. ಹಸಿ ಕಲ್ಲು ತಣ್ಣಗೆ, ತುಕ್ಕು ಹಿಡಿದ ಮೊಳೆಯ ರುಚಿ ಕೊಟ್ಟು ಬಿಟ್ಟುಬಿಡುತ್ತದೆ. 'ಹಿಡೀತದ' ಎಂದರೆ ಆ ಕಲ್ಲು ಗೋಡೆಗೆ ಹೋಗಬಹುದು. 'ಹಿಡೀವಲ್ದು' ಎಂದರೆ ಇನ್ನೂ ಬಿಸಿಲಲ್ಲಿ ಬಿದ್ದಿರಬೇಕು. ನಮ್ಮ ಮನೆಯಲ್ಲಿ ಈ ಮಾತಿನ ಮೇಲೆ ಇನ್ನೊಂದು ಮಾತು ಇರಲಿಲ್ಲ.

ನಾನೂ ನನ್ನ ತಮ್ಮನೂ ಸಣ್ಣವರಿದ್ದಾಗ ದಿನವಿಡೀ ಕಲ್ಲಿಗೆ ನಾಲಿಗೆ ಹಚ್ಚಿ ಹಚ್ಚಿ ಬಾಯಿ ಕೆಂಪು ಮಾಡಿಕೊಂಡು ಬರುತ್ತಿದ್ದೆವು. ಅವ್ವ ಸೆರಗಿನಿಂದ ಬಾಯಿ ಒರೆಸುತ್ತ, "ಮಂದಿ ಮಕ್ಕಳು ಬೆಲ್ಲ ನೆಕ್ತಾವ, ನನ್ನ ಹೊಟ್ಟ್ಯಾಗ ಕಲ್ಲು ನೆಕ್ಕೂವು ಹುಟ್ಯಾವ" ಎನ್ನುತ್ತಿದ್ದಳು.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ತಮ್ಮ ಏಳರತನಕ ಹೋದ. ಅಪ್ಪ ನನ್ನನ್ನು ಕಲ್ಲು ಕಡಿಯುವ ತಗ್ಗಿಗೆ ಇಳಿಸಿದ, ತಮ್ಮನನ್ನು ಒಬ್ಬ ಗೌಂಡಿಯ ಕೈಕೆಳಗೆ ಗೋಡೆ ಕಟ್ಟುವುದಕ್ಕೆ ಹಾಕಿದ. "ಇವಗ ರಟ್ಟಿ ಅದ, ಅವಗ ಕಣ್ಣದ" ಎಂದು ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತ್ತು. ಸುಳ್ಳಲ್ಲ. ತಮ್ಮ ದಾರ ಹಿಡಿಯುವ ಮೊದಲೇ ಗೋಡೆ ಎಲ್ಲಿ ಓರೆಯಾಗಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಆದರೂ ಆ ಮಾತು ನನ್ನೊಳಗೆ ಎಲ್ಲೋ ಚುಚ್ಚಿಕೊಂಡು ಕೂತಿತ್ತು ಎಂದು ಈಗ ಅನ್ನಿಸುತ್ತದೆ.

ಅಪ್ಪ ಹೋದ ಮೇಲೆ ಹಾಗೆಯೇ ನಡೆಯಿತು. ನಾನು ಕಲ್ಲು ಕಡಿಯುವುದು, ಅವನು ಕಟ್ಟುವುದು. ನಮ್ಮ ದಿನ್ನೆಯ ತಗ್ಗು ಆ ಹೊತ್ತಿಗೆ ಎರಡಾಳು ಆಳ ಇಳಿದಿತ್ತು. ಮೇಲಿನ ಗಟ್ಟಿ ಪದರ ಮುಗಿದು ಬಣ್ಣ ಹಳದಿಗೆ ತಿರುಗಿತ್ತು. ಅದರ ಕೆಳಗೆ ಬಿಳಿ ಶೇಡಿ ಮಣ್ಣು ಬರುತ್ತದೆ. ಅಲ್ಲಿಗೆ ಕಲ್ಲಿನ ಕತೆ ಮುಗಿಯಿತು. ಶೇಡಿಯ ಹತ್ತಿರದ ಕಲ್ಲಿಗೆ ಒಂದು ಬೇಸಿಗೆ ಸಾಲದು, ಎರಡು ಬೇಕು ಎಂದು ಅಪ್ಪ ಹೇಳುತ್ತಿದ್ದ.

ಹನ್ನೊಂದು ವರ್ಷದ ಹಿಂದೆ, ಮುಡಬಿ ಕಡೆಯ ಒಂದು ಹಳ್ಳಿಯಲ್ಲಿ ಸಣ್ಣದೊಂದು ಮಠಕ್ಕೆ ದಾಸೋಹದ ಅಡುಗೆಮನೆ ಕಟ್ಟುವ ಕೆಲಸ ತಮ್ಮನಿಗೆ ಬಂತು. ಅಲ್ಲಿಯವರೆಗೆ ಅವನು ಬೇರೆಯವರ ಕೈಕೆಳಗಿನ ಗೌಂಡಿ. ಇದು ಅವನೇ ನಿಂತು, ಅವನ ಹೆಸರಲ್ಲೇ ಕಟ್ಟುವ ಮೊದಲ ಕಟ್ಟಡ. ನೂರಾರು ಜನ ಉಣ್ಣುವ ಜಾಗ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಗ್ಗಿನ ದಂಡೆಗೆ ಬಂದು ನಿಂತ. ನಾನು ಕೆಳಗೆ ಸೊಂಟದವರೆಗೆ ಕೆಂಪಾಗಿ ನಿಂತಿದ್ದೆ.

"ಅಣ್ಣಾ, ಕಲ್ಲು ಬೇಕು. ಎಂಟು ಟ್ರ್ಯಾಕ್ಟರ್."

"ಮ್ಯಾಲೆ ಒಟ್ಟೀನಲ್ಲ, ಒಯ್ಯಿ."

"ಒಣಾ ಇರಬೇಕು ನೋಡು. ಸ್ಲ್ಯಾಬ್ ಕುಂಡರಸವ್ರದಾರ ಮ್ಯಾಲೆ. ಭಾರ ಬೀಳ್ತದ."

"ನನಗ ಕಲಿಸಾಕ ಬಂದೀಯೇನು? ಇಸ್ತ್ರಿ ಅಂಗಿ ಹಾಕ್ಕೊಂಡ್ರ ಅಪ್ಪ ಆಗ್ತೀಯೇನು?"

ಅವನು ನಕ್ಕ. "ಅಪ್ಪ ಎಲ್ಲಿ ಆಗ್ಲಿ, ನಿನ್ನ ಬೈಗಳಾ ತಪ್ಪಸ್ಲಿಕ್ಕೇ ಆಗವಲ್ದು" ಎಂದು ಟಂಟಂ ಆಟೋ ಹತ್ತಿ ಹೋದ.

ಒಣಗಿದ ಕಲ್ಲು ದಿನ್ನೆಯ ಆಚೆ ಮಗ್ಗುಲಿಗೆ, ಬೇವಿನ ಗಿಡದ ಹತ್ತಿರ ಒಟ್ಟಿತ್ತು. ಟ್ರ್ಯಾಕ್ಟರ್ ಅಲ್ಲಿಗೆ ಹತ್ತುತ್ತಿರಲಿಲ್ಲ. ಒಂದೊಂದೇ ಕಲ್ಲು ತಲೆಯ ಮೇಲೆ ಹೊತ್ತು, ಇಳಿಜಾರು ಇಳಿದು ತರಬೇಕು. ಆರು ಲೋಡು ಹಾಗೆ ತುಂಬಿದೆವು, ಮೂರು ದಿನ. ಜೊತೆಗೆ ಬರುತ್ತಿದ್ದ ಇಬ್ಬರು ಕೂಲಿಯವರು ನಾಲ್ಕನೇ ದಿನ ತೊಗರಿ ಕೊಯ್ಯುವುದಕ್ಕೆ ಹೋಗಿಬಿಟ್ಟರು. ನಾನೊಬ್ಬನೇ ಉಳಿದೆ. ಟ್ರ್ಯಾಕ್ಟರಿನವನು ಬಂದು ನಿಂತ. ಕುತ್ತಿಗೆ ತಿರುಗುತ್ತಿರಲಿಲ್ಲ. ತಗ್ಗಿನ ಬಾಯಲ್ಲೇ, ಟ್ರ್ಯಾಕ್ಟರಿನ ಗಾಲಿಯಿಂದ ನಾಲ್ಕು ಹೆಜ್ಜೆಗೆ, ಹೊಸ ಕಲ್ಲು ಒಟ್ಟಿತ್ತು. ತಗ್ಗಿನ ತಳದಿಂದ ತೆಗೆದದ್ದು, ತೆಗೆದು ತಿಂಗಳೂ ಆಗಿರಲಿಲ್ಲ. ಮೇಲ್ಮೈ ಆರಿತ್ತು, ನೋಡುವವರಿಗೆ ಎಲ್ಲ ಒಂದೇ.

ನಾನು ಒಂದಕ್ಕೆ ನಾಲಿಗೆ ಹಚ್ಚಿ ನೋಡಿದೆ. ಹಚ್ಚದೆ ಇದ್ದಿದ್ದರೆ ಇವತ್ತು ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ತಣ್ಣಗಿತ್ತು. ಹಿಡಿಯಲಿಲ್ಲ.

"ಏನ್ ಕಾಕಾ, ಉಪ್ಪು ಬರೋಬ್ಬರಿ ಅದೇನು?" ಎಂದು ಟ್ರ್ಯಾಕ್ಟರಿನವನು ಮೇಲಿಂದ ಚೇಷ್ಟೆ ಮಾಡಿದ.

"ಬರೋಬ್ಬರಿ ಅದ. ತುಂಬು" ಎಂದೆ.

ಎರಡು ಲೋಡು ಹಸಿ ಕಲ್ಲು ಹೋಯಿತು. ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ದೊಡ್ಡ ಕಾರಣ ಏನಾದರೂ ಸಿಕ್ಕಿದ್ದರೆ ಸಮಾಧಾನ ಆಗುತ್ತಿತ್ತೇನೋ. ಸಾಕಾಗಿತ್ತು, ಅಷ್ಟೇ. ಆ ಇಸ್ತ್ರಿ ಅಂಗಿಯೂ ಒಂದಿಷ್ಟು ಕಣ್ಣಲ್ಲಿ ಇತ್ತು.

ಸಂಜೆ ಅವನ ಫೋನ್ ಬಂತು. "ಅಣ್ಣಾ, ಕಡೀ ಎರಡು ಲೋಡ್ ಬಣ್ಣ ಜರಾ ಹಳದಿ ಕಾಣಾಕತ್ತದ. ನಾಲಿಗಿ ಹಚ್ಚಿ ನೋಡೀಯಿಲ್ಲೋ?"

"ನೋಡೀನಿ."

"ಹಿಡೀತದ?"

"ಹಿಡೀತದ."

ಆಮೇಲೆ ಅವನು ಇನ್ನೊಂದು ಮಾತು ಕೇಳಲಿಲ್ಲ. ತಾನೂ ನಾಲಿಗೆ ಹಚ್ಚಿ ನೋಡಲಿಲ್ಲ. ನಾನು ಹೇಳಿದ ಮೇಲೆ ನೋಡುವುದು ನನಗೆ ಅವಮಾನ ಮಾಡಿದ ಹಾಗೆ ಎಂದುಕೊಂಡಿದ್ದನಂತೆ.

ಅಡುಗೆಮನೆ ಎದ್ದಿತು. ಸ್ಲ್ಯಾಬ್ ಕೂತಿತು. ಒಲೆ ಪೂಜೆಯ ದಿನ ತಮ್ಮನಿಗೆ ಶಾಲು ಹೊದಿಸಿದರು. ಹಿಂದಿನ ಗೋಡೆಯ ಸಾಲುಗಳು ಎಷ್ಟು ನೇರ ಇದ್ದವೆಂದರೆ ಒಂದು ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಒಂದೇ ಗೆರೆ. ನಾನು ಅಲ್ಲಿ ಉಂಡು ಬಂದೆ. ಬಾಯಿಗೆ ರುಚಿ ಹತ್ತಲಿಲ್ಲ.

ಮಳೆಗಾಲದಲ್ಲಿ ನಾಲ್ಕು ದಿನ ಬಿಡದೆ ಸುರಿಯಿತು. ಹಿಂದಿನ ಗೋಡೆ ನಡುವೆ ಹೊಟ್ಟೆ ಬಿಟ್ಟಿತು. ಐದನೇ ದಿನ ಮುಂಜಾನೆ ಮೂಲೆಯ ಕಡೆ ಅರ್ಧ ಗೋಡೆ ಕುಸಿದು, ಸ್ಲ್ಯಾಬಿನ ಒಂದು ತುಂಡು ಒಲೆಗಳ ಮೇಲೆ ಬಿತ್ತು. ರೊಟ್ಟಿ ಬಡಿಯುವ ಹೆಂಗಸರು ಆಗ ಹಿಟ್ಟು ತರಲು ಎದ್ದುಹೋಗಿದ್ದರು. ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಈಗಲೂ ನನಗೆ ಧೈರ್ಯವಿಲ್ಲ.

ನಾನೂ ತಮ್ಮನೂ ಓಡಿಹೋದೆವು. ದಾಸೋಹ ನೋಡಿಕೊಳ್ಳುವ ಹಿರಿಯರೊಬ್ಬರು ಕೊಡೆ ಹಿಡಿದು ನಿಂತಿದ್ದರು. ಮಾತಿಗೆ ಮಾತು ಜೋಡಿಸುವುದರಲ್ಲಿ ಸುತ್ತ ನಾಲ್ಕು ಊರಿಗೆ ಹೆಸರಾದವರು. ಇನ್ನೂ ಬೀಳದ ಅರ್ಧ ಗೋಡೆಯನ್ನು ತೋರಿಸಿ, "ಬಾರಪಾ ಗೌಂಡಿ. ನೀ ಕಟ್ಟಿದ ಗ್ವಾಡಿ ಬಸರಾಗ್ಯಾದ ನೋಡು. ಸೂಲಗಿತ್ತಿನ್ನ ಕರಸೋದೋ, ನೀನೇ ಬಾಣಂತನ ಮಾಡ್ತೀಯೋ?" ಎಂದರು. ನಿಂತವರೆಲ್ಲ ನಕ್ಕರು. ಹೆದರಿದ್ದವರಿಗೆ ನಗು ಬೇಕಾಗಿತ್ತು ಅನ್ನಿಸುತ್ತದೆ. ಅವತ್ತಿನಿಂದ ತಮ್ಮನಿಗೆ 'ಹೊಟ್ಟಿ ಗೌಂಡಿ' ಎಂದು ಹೆಸರು ಬಿತ್ತು. ಅವನು ನೋಡಿದರೆ ಬಿದಿರು ಕಡ್ಡಿಯಂತಿದ್ದ.

ಬಿದ್ದ ಕಲ್ಲುಗಳಲ್ಲಿ ಕೆಲವು ಇಡಿಯಾಗಿದ್ದವು. ಕೆಲವು ಬೆಲ್ಲದ ಹೆಂಟೆ ನೀರಿಗೆ ಬಿದ್ದ ಹಾಗೆ ಪುಡಿಯಾಗಿದ್ದವು, ಒಳಗೆ ಹಳದಿ. ತಮ್ಮ ಒಂದನ್ನು ಕೈಯಲ್ಲಿ ಹಿಚುಕಿ ನೋಡಿದ.

"ಅಣ್ಣಾ, ಇದ್ಯಾಕ ಹಿಂಗಾತು? ಕಲ್ಲು ಬರೋಬ್ಬರಿ ಇದ್ವಲ್ಲ?"

"ಇದ್ವಪಾ. ಮ್ಯಾಲಿಂದ ನೀರು ಇಳದದ. ನಿನ್ನ ಸಿಮೆಂಟ್ ಮಾಲು ಬಿಗಿ ಇದ್ದಿಲ್ಲೇನೋ."

ಅವನು ಕಲ್ಲಿಗೆ ನಾಲಿಗೆ ಹಚ್ಚಲು ಹೋದ. ಅರ್ಧಕ್ಕೆ ಬಿಟ್ಟ. ನಾಲ್ಕು ದಿನ ಮಳೆಯಲ್ಲಿ ನೆನೆದ ಕಲ್ಲು. ಹಸಿಯಾಗಿದ್ದದ್ದು ಯಾವುದು, ನೆನೆದದ್ದು ಯಾವುದು ಎಂದು ಯಾವ ನಾಲಿಗೆಗೆ ತಿಳಿಯುತ್ತದೆ? ಅವನು ಆಚೆ ತಿರುಗಿದಾಗ ನಾನು ಆ ಹಳದಿ ಪುಡಿಯ ಮೇಲೆ ಕಾಲಿನಿಂದ ಕೆಸರು ಎಳೆದೆ.

ಅವನು ತನ್ನ ಕೈಯಿಂದಲೇ ಗೋಡೆಯನ್ನು ಮತ್ತೆ ಕಟ್ಟಿಕೊಟ್ಟ, ನನ್ನ ಹತ್ತಿರ ಉಳಿದಿದ್ದ ಒಣ ಕಲ್ಲಿನಿಂದ. ಈ ಸಲ ಅಷ್ಟನ್ನೂ ನಾನೇ ಹೊತ್ತು ತಂದೆ, ಅವನು ಬೇಡ ಎಂದರೂ. ಆ ಗೋಡೆ ಇವತ್ತಿಗೂ ನಿಂತಿದೆ. ಆದರೆ ಹೆಸರು ಹೋಗಲಿಲ್ಲ. ಯಾರಾದರೂ ಕೆಲಸಕ್ಕೆ ಕರೆದರೆ ಪಕ್ಕದವರು, "ಯಾರಿಗಿ? ಹೊಟ್ಟಿ ಗೌಂಡಿಗೇನು?" ಎನ್ನುತ್ತಿದ್ದರು. ಅಷ್ಟು ಸಾಕಿತ್ತು. ಎರಡು ವರ್ಷಕ್ಕೆ ಅವನು ಗೋಡೆ ಕಟ್ಟುವ ಕರಣಿಯನ್ನು ಜಂತಿಯ ಸಂದಿಗೆ ಸಿಕ್ಕಿಸಿ, ಹುಮನಾಬಾದಿನ ಔಷಧ ಫ್ಯಾಕ್ಟರಿ ಕಡೆ ಡ್ರಮ್ಮು ಹೊರುವ ಕೆಲಸಕ್ಕೆ ಹೋದ. ಬಂದಾಗ ಅವನ ಅಂಗಿಗೆ ಔಷಧದ ಘಾಟು. ನೀರು ಹಾಕಿಕೊಂಡರೂ ಹೋಗುತ್ತಿರಲಿಲ್ಲ. ಅವನ ಹೆಂಡತಿ ನನ್ನ ಮುಂದೆಯೇ ಒಂದು ಸಲ, "ಮೊದಲ ಮಣ್ಣಿನ ವಾಸನಿ ಬರ್ತಿತ್ತ್ರಿ ಮಾವಾ, ಅದೇ ಛಲೋ ಇತ್ತು" ಎಂದಳು. ನಾನು ಚಹಾದ ಕಪ್ಪು ನೋಡುತ್ತ ಕೂತೆ.

ತಗ್ಗೂ ಹೆಚ್ಚು ದಿನ ನಡೆಯಲಿಲ್ಲ. ತಳದಲ್ಲಿ ಬಿಳಿ ಶೇಡಿ ಕಂಡಿತು. ಬೇರೆ ಕಡೆ ಕಲ್ಲು ಕೊಯ್ಯುವ ಮಷೀನುಗಳು ಬಂದವು, ಕಟ್ಟುವವರು ಸಿಮೆಂಟ್ ಬ್ಲಾಕಿಗೆ ಹೋದರು. ಬೇವಿನ ಗಿಡದ ಹತ್ತಿರ ಒಣ ಕಲ್ಲಿನ ಕೊನೆಯ ಒಟ್ಟು ಒಂದು ಹಾಗೆಯೇ ಉಳಿಯಿತು. ಮಳೆಗಾಲದಲ್ಲಿ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಎಮ್ಮೆಗಳು ಬಂದು ಬೀಳುತ್ತವೆ. ಮೂರು ತಲೆಮಾರಿನ ಮನೆಗಳಿಗೆ ಗೋಡೆ ಕೊಟ್ಟ ದಿನ್ನೆ ಅದು. ಈಗ ಅಲ್ಲಿ ಇರುವುದು ಆ ತಗ್ಗು ಒಂದೇ. ಕಲ್ಲು ಮತ್ತೆ ಬೆಳೆಯುವುದಿಲ್ಲ ಎಂದು ಕಡಿಯುವಾಗ ಒಮ್ಮೆಯೂ ಅನ್ನಿಸಿರಲಿಲ್ಲ.

ಈ ವರ್ಷ ತಮ್ಮ ಮೋರಖಂಡಿಯ ಹತ್ತಿರ ತನ್ನ ಜಾಗದಲ್ಲಿ ಎರಡು ಖೋಲಿ ಕಟ್ಟಿಸಲು ಹೊರಟ. ಕಟ್ಟಲು ಹೊರಗಿನ ಗೌಂಡಿ ಒಬ್ಬನನ್ನು ಕರೆಸಿದ್ದ. ಪಾಯ ತೋಡುವ ದಿನ ನಾನೂ ಹೋಗಿದ್ದೆ. ಆ ಗೌಂಡಿ ಬಾಯಿಬಡುಕ. ದಾರ ಕಟ್ಟುತ್ತ, "ಯಜಮಾನ್ರ, ನೀವೂ ಗೌಂಡಿ ಇದ್ರಂತಲ್ರಿ? ನಿಮ್ಮ ಮನಿ ನೀವೇ ಕಟ್ಕೋಬೇಕಿಲ್ಲ? ಕ್ಷೌರದವ ಇದ್ದು ತನ್ನ ಗಡ್ಡಾ ಮಂದೀ ಕಡಿಂದ ಬೋಳಿಸ್ಕೊಂಡಂಗಾತು" ಎಂದ.

ತಮ್ಮ ಸಿಟ್ಟಾಗಲಿಲ್ಲ. ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡ. "ಇಲ್ಲಪಾ. ನನ್ನ ಕೈಗುಣ ಛಲೋ ಇಲ್ಲ. ಮಕ್ಕಳು ಮಲಗೂ ಜಾಗಾ. ಭರೋಸಾ ಬರವಲ್ದು" ಎಂದ.

ಹನ್ನೊಂದು ವರ್ಷ ಮಂದಿ ಅವನನ್ನು ಏನಂದರೂ ನಾನು ತಡೆದುಕೊಂಡಿದ್ದೆ. ಅವನೇ ಅದನ್ನು ನಂಬಿದ್ದಾನೆ ಎಂದು ಅವತ್ತು ತಿಳಿಯಿತು. ಚಹಾ ಕುಡಿಯುವ ಹೊತ್ತಿಗೆ ಅವನನ್ನು ಇಟ್ಟಂಗಿ ಒಟ್ಟಿದ ಕಡೆ ಕರೆದೆ.

"ತಮ್ಮಾ, ಆ ಕಡೀ ಎರಡು ಲೋಡು ಹಿಡಿದಿದ್ದಿಲ್ಲ."

ಅವನಿಗೆ ತಟ್ಟನೆ ತಿಳಿಯಲಿಲ್ಲ. "ಯಾವ ಲೋಡು?"

"ದಾಸೋಹದ್ದು. ಹಸಿ ಇತ್ತು. ನಾ ನಾಲಿಗಿ ಹಚ್ಚಿ ನೋಡಿದ್ದೆ. ಗೊತ್ತಿದ್ದೇ ಕಳಿಸ್ದೆ. ಒಣಾ ಹೊತ್ತು ತರಾಕ ಸಾಕಾಗಿತ್ತು."

ಅವನು ಗ್ಲಾಸು ನೆಲಕ್ಕಿಟ್ಟ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಕಣ್ಣು ಮುಚ್ಚಿ ಗಾಳಿಯಲ್ಲಿ ಬೆರಳಿನಿಂದ ಏನೋ ಎಣಿಸಿದ.

"ಕಡೀ ಎರಡು ಲೋಡು... ಅಂದ್ರ ಹಿಂದಿನ ಗ್ವಾಡಿ. ಮೂರನೇ ಸಾಲಿನಿಂದ ಮ್ಯಾಲೆ, ಮೂಲೀ ಕಡೆ. ಅಲ್ಲೇ ಹೊಟ್ಟಿ ಬಿಟ್ಟಿತ್ತು." ಕಣ್ಣು ತೆರೆದ. "ನನ್ನ ಮಾಲು ಬರೋಬ್ಬರಿ ಇತ್ತು ಹಂಗಾರ."

"ಇತ್ತು."

"ದಾರಾನೂ ಬರೋಬ್ಬರಿ ಇತ್ತು."

"ಎಲ್ಲಾ ಬರೋಬ್ಬರಿ ಇತ್ತು ತಮ್ಮಾ."

ಅವನ ಮುಖದಲ್ಲಿ ಒಂದು ಗಳಿಗೆ ಸಂತೋಷದಂಥದ್ದು ಕಂಡಿತು. ಅದು ಹೋದ ಮೇಲೆ ಕಂಡದ್ದನ್ನು ನಾನು ಬರೆಯಲಾರೆ. "ನನ್ನ ಮುಂದ ಅಂದ್ರ ಏನಾತು? ನನಗ ಹೆಸರಿಟ್ಟವರ ಮುಂದ ಹೋಗಿ ಅನ್ನು" ಎಂದು ಎದ್ದು ಹೋದ.

ಹಾಗೇ ಹೋಗಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ತಗ್ಗಿಗೆ ಇಳಿದು, ಶೇಡಿಯ ಮೇಲೆ ಪಕ್ಕದ ದಂಡೆಯಲ್ಲಿ ಉಳಿದಿದ್ದ ಹಳದಿ ಪದರಕ್ಕೆ ಕೈ ಹಾಕಿದೆ. ಎಷ್ಟೋ ವರ್ಷದ ಮೇಲೆ ಗುದ್ದಲಿ ಹಿಡಿದದ್ದು. ಮೊದಲು ಒಂದು ಹೊತ್ತಿಗೆ ಇಪ್ಪತ್ತು ಕಲ್ಲು ತೆಗೆಯುತ್ತಿದ್ದವನಿಗೆ ಒಂದು ಕಲ್ಲಿಗೆ ಮುಂಜಾನೆಯಿಂದ ಮಧ್ಯಾಹ್ನ ಆಯಿತು. ನಾಲ್ಕು ಏಟಿಗೊಮ್ಮೆ ಕೂತೆ. ಅದನ್ನೂ, ಬೇವಿನ ಗಿಡದ ಹತ್ತಿರದ ಹಳೆಯ ಒಣ ಕಲ್ಲು ಒಂದನ್ನೂ ಗೋಣಿಚೀಲದಲ್ಲಿ ಕಟ್ಟಿ, ಟಂಟಂ ಹಿಂದೆ ಹಾಕಿಕೊಂಡು ಆ ಹಳ್ಳಿಗೆ ಹೋದೆ. ತಮ್ಮನಿಗೂ ಹೇಳಿ ಕಳಿಸಿದ್ದೆ. ಬಂದು ದೂರ ನಿಂತಿದ್ದ.

ಆ ಹಿರಿಯರು ಈಗ ತೀರಾ ಮುದುಕರು. ಮಠದ ಕಟ್ಟೆಯ ಮೇಲೆ ಐದಾರು ಜನರೊಂದಿಗೆ ಕೂತಿದ್ದರು. ಹೇಳಬೇಕಾದದ್ದನ್ನು ನಿಂತುಕೊಂಡೇ ಹೇಳಿದೆ. ಕೇಳಿ ಅವರು ಕಿವಿಗೆ ಕೈ ಹಚ್ಚಿದರು.

"ಕಲ್ಲು ಹಸೇದಿತ್ತಾ? ಏನೋ, ಕಲ್ಲೇನು ಮಾವಿನಕಾಯಾ? ಅಡೀ ಹಾಕಿ ಹಣ್ಣು ಮಾಡ್ತಿದ್ರೇನು ನೀವು?"

ಎಲ್ಲರೂ ನಕ್ಕರು. ನಾನು ಚೀಲ ಬಿಚ್ಚಿದೆ. "ನಕ್ಕೋರಿ ಅಪ್ಪಾರ. ನಕ್ಕಾದ ಮ್ಯಾಲ ಜರಾ ನಾಲಿಗಿ ಹಚ್ಚಿ ನೋಡ್ರಿ."

"ಈ ವಯಸ್ಸಿನಾಗ ಕಲ್ಲು ನೆಕ್ಕಸ್ತೀಯಾ ನನ್ನ ಕಡಿಂದ?"

"ಹೌದ್ರಿ."

ನನ್ನ ಮುಖದಲ್ಲಿ ಏನು ಕಂಡರೋ, ಬಗ್ಗಿದರು. ಮೊದಲು ಹಸಿ ಕಲ್ಲು. "ತಣ್ಣಗದ. ಏನಿಲ್ಲ." ಆಮೇಲೆ ಒಣ ಕಲ್ಲು. ಹಿಂದಕ್ಕೆ ಸರಿಯಲು ಹೋಗಿ ತಡೆದರು, ಕಣ್ಣು ಅಗಲ ಮಾಡಿದರು, ಬಿಡಿಸಿಕೊಂಡು, "ಹಿಡೀತಲೇ! ಬಿಡವಲ್ದು!" ಎಂದರು. ಆಮೇಲೆ ಉಳಿದವರೂ ಒಬ್ಬೊಬ್ಬರೇ ಬಂದು ಬಗ್ಗಿದರು. ಹಸಿ ಕಲ್ಲಿನ ಒಂದು ಮೂಲೆಯನ್ನು ನಾನು ಹೆಬ್ಬೆರಳಿನಿಂದ ಉದುರಿಸಿ ತೋರಿಸಿದೆ. ಯಾರೂ ನಗಲಿಲ್ಲ.

ಹಿರಿಯರು ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನು ನೋಡಿದರು. "ಮತ್ತ ಹನ್ನೊಂದು ವರ್ಷ ನಿನ್ನ ನಾಲಿಗಿ ಯಾವ ಕಲ್ಲು ಹಿಡಿದಿತ್ತೋ?" ಎಂದರು.

ಅವರು ತಮ್ಮನ ಕಡೆ ತಿರುಗಿ, "ಬಾಪಾ ಗೌಂಡಿ, ದೂರ ಯಾಕ ನಿಂತಿ" ಎಂದರು. ಹೊಟ್ಟಿ ಎನ್ನಲಿಲ್ಲ. ಆದರೆ ಟಂಟಂ ಹತ್ತುವಾಗ ಡ್ರೈವರ್ ಹಿಂದಕ್ಕೆ ತಿರುಗಿ, "ಹೊಟ್ಟಿ ಗೌಂಡಿ ಅವ್ರ, ಜರಾ ಸರದು ಕುಂಡರ್ರಿ" ಎಂದ. ಪಾಪ, ಅವನಿಗೆ ಅದೇ ಹೆಸರು ಗೊತ್ತು. ತಮ್ಮ ನನ್ನಿಂದ ಆಚೆಗೆ ಸರಿದು ಕೂತ.

ಮರುವಾರ ಅವನು ಜಂತಿಯಿಂದ ಕರಣಿ ತೆಗೆದ. ಹೊರಗಿನ ಗೌಂಡಿ ಉಳಿದ ಕೆಲಸಕ್ಕೆ ಇದ್ದಾನೆ, ಆದರೆ ನಾಲ್ಕು ಮೂಲೆ ಕಟ್ಟುವುದು ತಮ್ಮನೇ. ಬೇವಿನ ಗಿಡದ ಹತ್ತಿರದ ಕೊನೆಯ ಒಟ್ಟು ತನಗೆ ಬೇಕೆಂದು ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದ. ಇಳಿಜಾರಿನಲ್ಲಿ ನಾನೇ ಹೊತ್ತು ಇಳಿಸುತ್ತಿದ್ದೇನೆ. ದಿನಕ್ಕೆ ಹತ್ತು ಹನ್ನೆರಡು ಆದರೆ ಹೆಚ್ಚು.

ಅವನ ಜಾಗದಲ್ಲಿ ನಾನು ಕಲ್ಲು ಎತ್ತಿ ಕೊಡುತ್ತೇನೆ. ಅವನು ತೆಗೆದುಕೊಂಡು, ಮೂಲೆಯ ಧೂಳು ಒರೆಸಿ, ಪ್ರತಿಯೊಂದಕ್ಕೂ ನಾಲಿಗೆ ಹಚ್ಚುತ್ತಾನೆ. ಎಂಟು ಬೇಸಿಗೆ ಕಂಡ ಕಲ್ಲು ಅವು. ಆದರೂ ನನ್ನನ್ನು ಕೇಳುವುದಿಲ್ಲ. ನಿನ್ನೆ ಒಂದಕ್ಕೆ ನಾಲಿಗೆ ಹಚ್ಚಿ, ಮತ್ತೊಮ್ಮೆ ಹಚ್ಚಿ, ತಲೆ ಅಲ್ಲಾಡಿಸಿ ಪಕ್ಕಕ್ಕಿಟ್ಟ. ಅದು ಒಣಗಿದ ಕಲ್ಲೇ. ನಾನೇ ಕಡಿದದ್ದು, ಯಾವ ಪದರದ್ದೆಂದು ನನಗೆ ಗೊತ್ತು. ಮುಂಜಾನೆಯ ಮಂಜು ಕೂತಿದ್ದಿರಬೇಕು, ಅಷ್ಟೇ.

ಹೇಳಲಿಲ್ಲ. ಇನ್ನೊಂದು ಎತ್ತಿ ಕೊಟ್ಟೆ.